ತಂತಿಯ ವಿಮಾನಕ್ಕೊಂದು ಬಯಲು

ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಹಾರಿಸುವ ಕಂಟ್ರೋಲ್ ಲೈನ್ ಮಾದರಿ ವಿಮಾನಕ್ಕೆ ರೇಡಿಯೊ ಬೇಕಿಲ್ಲ. ಕೈಹಿಡಿಕೆಯಿಂದ ಹೊರಟ ಎರಡು ಉಕ್ಕಿನ ತಂತಿಗಳೇ ಬಾಲದ ಎಲಿವೇಟರನ್ನು ಏರಿಳಿಸುತ್ತವೆ. ಅಮೆರಿಕದ ಜಿಮ್ ವಾಕರ್ 1940ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನವಿದು. ಹಳೆಯ ಎಂಜಿನ್ನಿನಲ್ಲಿ ಗೋಂದಿನಂತೆ ಗಟ್ಟಿಯಾದ ಹರಳೆಣ್ಣೆಯನ್ನು ಕರಗಿಸಿ, ಮುರಿದ ಬಾಲ್ಸಾ ಪಟ್ಟಿಯನ್ನು ಅಂಟಿಸುವ ಮಕ್ಕಳು ಯಂತ್ರಶಾಸ್ತ್ರವನ್ನು ಬೆರಳುಗಳಿಂದಲೇ ಕಲಿಯುತ್ತಾರೆ. ಹರಳೆಣ್ಣೆ ನಮ್ಮದೇ, ಬಾಲ್ಸಾ ಈಕ್ವೆಡಾರಿನದು. ಆದರೆ ನಿಜಕ್ಕೂ ದುಬಾರಿಯಾಗಿರುವುದು ನೆಲ. 20 ಮೀಟರ್ ತಂತಿಗೆ 40 ಮೀಟರ್ ವ್ಯಾಸದ ವೃತ್ತ ಬೇಕು, ಅದರಾಚೆ ನೋಡುಗರಿಗೆ ಸುರಕ್ಷಿತ ಅಂತರ ಬೇಕು, ಸಮೀಪದಲ್ಲೆಲ್ಲೂ ವಿದ್ಯುತ್ ತಂತಿ ಇರಕೂಡದು. ಉದ್ಯಾನವೆಂದರೆ ಬೇಲಿ, ಕಾರಂಜಿ, ಕಲ್ಲುಹಾಸು ಎಂದೇ ನಂಬಿರುವ ನಮ್ಮ ನಗರಾಡಳಿತಗಳಿಗೆ ಬಯಲನ್ನು ಬಯಲಾಗಿ ಉಳಿಸುವುದು ತಿಳಿಯದು. ಕಾಮಗಾರಿಗೆ ಅನುದಾನವುಂಟು, ಖಾಲಿ ನೆಲಕ್ಕೆ ಲೆಕ್ಕಶೀರ್ಷಿಕೆಯಿಲ್ಲ. ವಲಯಕ್ಕೊಂದು ಸರ್ಕಾರಿ ಶಾಲಾ ಮೈದಾನವನ್ನು ಭಾನುವಾರ ಬೆಳಿಗ್ಗೆ ಎರಡು ಗಂಟೆ ಈ ಹವ್ಯಾಸಿಗಳಿಗೆ ಬಿಟ್ಟುಕೊಡಲು ಒಂದು ಸುತ್ತೋಲೆ ಸಾಕು.