ಗಲ್ಲಾದ ಪಕ್ಕದಲ್ಲೊಂದು ಬಿಪಿ ಯಂತ್ರವಿರಲಿ

ಪಲ್ಲಾವರಂ ಭಾಗದ ನಮ್ಮ ಹೋಟೆಲುಗಳಲ್ಲಿ ಬೆಳಗಿನ ಇಡ್ಲಿಯಿಂದ ರಾತ್ರಿ ಲೆಕ್ಕದವರೆಗೆ ಗಲ್ಲಾ ಬಿಟ್ಟೇಳದ ಪಾಲುದಾರರಿದ್ದಾರೆ. ಡಾಕ್ಟರೆಂದರೆ ‘ನನಗೇನಾಗಿದೆ?’ ಎನ್ನುತ್ತಾರೆ. ತಲೆನೋವು, ತಲೆಸುತ್ತು ಬರಲೆಂದು ಕಾಯುವುದು ತರವಲ್ಲ. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲ, ಅಳೆದರಷ್ಟೇ ತಿಳಿಯುತ್ತದೆ.

ತಮಿಳುನಾಡು ಸರಕಾರ 2021ರಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಡಿ ಮನೆಬಾಗಿಲಿಗೇ ಬಿಪಿ ತಪಾಸಣೆ ತಂದಿತು. ನಾವು ಅದನ್ನು ಗಲ್ಲಾದವರೆಗೆ ತರಬಾರದೇ? ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಸಾಕು. ಕಾಫಿ ಕುಡಿದು ಅರ್ಧ ಗಂಟೆ ಕಳೆದ ಮೇಲೆ, ಐದು ನಿಮಿಷ ಸುಮ್ಮನೆ ಕೂರಿಸಿ, ಎರಡು ಸಲ ಅಳೆಯೋಣ. ಬೇರೆ ಬೇರೆ ದಿನವೂ 140/90 ಅಥವಾ ಹೆಚ್ಚು ಬಂದರೆ, ಬರೆದಿಟ್ಟ ಚೀಟಿಯೊಂದಿಗೆ ಡಾಕ್ಟರ ಬಳಿ ಕರೆದೊಯ್ಯೋಣ.

ಮೊದಲು ನಾವೇ ತೋಳು ಒಡ್ಡೋಣ, ಅವರೂ ಒಡ್ಡಿಯಾರು.