ಮಾತ್ರೆಗೆ ಬೀಗವಿದೆ, ಮಗುವಿನ ತಪಾಸಣೆ ಯಾರದು?



ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಅಂಗವಾಗಿ ನಮ್ಮ ಭಾಗದ ಶಾಲೆಯೊಂದರಲ್ಲಿ ಕಾರ್ಯಕ್ರಮ ನಡೆಯಿತು. ಗಾಂಜಾ, ಎಂಡಿಎಂಎ ಬಗ್ಗೆ ಎಚ್ಚರಿಸಿದ ಭಾಷಣಕಾರರು ಅದೇ ಉಸಿರಿನಲ್ಲಿ ಮಕ್ಕಳ ಗಮನ ನಿಲ್ಲಲೆಂದು ಡಾಕ್ಟರು ಬರೆಯುವ ಮಾತ್ರೆಯನ್ನೂ ಸೇರಿಸಿದರು. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡಿಸಲಾಗದು ಎಂದರು. ನನ್ನ ಪರಿಚಯದ ತಾಯಿಯೊಬ್ಬರು ಅಂದೇ ಮಗನ ಮಾತ್ರೆ ನಿಲ್ಲಿಸಿದರು. "ಅಕ್ಕ, ಇಷ್ಟು ದಿನ ನಾನೇ ಕೈಯಾರೆ ಮಗುವಿಗೆ ಡ್ರಗ್ಸ್ ಕೊಟ್ಟೆನಾ?" ಎಂದು ಅವರು ಫೋನಿನಲ್ಲಿ ಅತ್ತದ್ದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಆ ಮಾತ್ರೆ ಮಿಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ತಯಾರಾದ ಮದ್ದು. ಎಡಿಎಚ್‌ಡಿ ಇರುವವರಿಗೆ, ಎಂದರೆ ಗಮನ ಒಂದು ಕಡೆ ನಿಲ್ಲದ, ಯೋಚನೆಗಿಂತ ಮೊದಲೇ ಕೈ ಮುಂದೆ ಹೋಗುವ ಮಕ್ಕಳಿಗೆ ಮತ್ತು ದೊಡ್ಡವರಿಗೆ ಕೊಡುತ್ತಾರೆ. ಉತ್ತೇಜಕ ವರ್ಗಕ್ಕೆ ಸೇರಿದ್ದು ಹೌದು. ಅಳತೆ ಮೀರಿ ನುಂಗಿದರೆ, ಪುಡಿ ಮಾಡಿ ಮೂಗಿಗೆ ಸೇದಿದರೆ, ಚಟ ಹಿಡಿಯುವ ಅಪಾಯವೂ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಲೆಂದು ಹಾಸ್ಟೆಲಿನಲ್ಲಿ ಗೆಳೆಯನ ಮಾತ್ರೆ ಕೇಳಿ ತಿನ್ನುವವರಿಗೆ ಆ ಎಚ್ಚರಿಕೆ ಬೇಕೇ ಬೇಕು. ಆದರೆ ವೈದ್ಯರು ಹೇಳಿದ ಅಳತೆಯಲ್ಲಿ ನುಂಗಿದ ಮಾತ್ರೆಯ ಅಂಶ ಮಿದುಳನ್ನು ನಿಧಾನವಾಗಿ ಸೇರುತ್ತದೆ. ಅಮಲು ತರುವ ಹಠಾತ್ ಏರಿಕೆ ಅದರಲ್ಲಿಲ್ಲ. ಹೀಗೆ ಚಿಕಿತ್ಸೆ ಪಡೆದ ಮಕ್ಕಳು ಮುಂದೆ ಕುಡಿತ, ತಂಬಾಕು, ಗಾಂಜಾಕ್ಕೆ ಹೆಚ್ಚಾಗಿ ಬೀಳುತ್ತಾರೆಯೇ ಎಂಬುದನ್ನು 15 ದೀರ್ಘಕಾಲದ ಅಧ್ಯಯನಗಳನ್ನು ಒಟ್ಟು ಸೇರಿಸಿ 2013ರಲ್ಲಿ ಅಮೆರಿಕದ ಸಂಶೋಧಕರು ಪರಿಶೀಲಿಸಿದರು. ಮದ್ದು ಆ ಅಪಾಯವನ್ನು ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ.

ನನ್ನ ಮಗನಿಗೂ ಈ ಮದ್ದು ಸಣ್ಣ ಕ್ಲಾಸಿನಿಂದ ಇದೆ. ಆಗ ನಾವು ಸಂಪಾಜೆಯಿಂದ ಘಾಟಿ ಹತ್ತಿ ಮಡಿಕೇರಿಯಲ್ಲಿ ತೋರಿಸುತ್ತಿದ್ದೆವು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಜರಿದು ಘಾಟಿ ರಸ್ತೆ ಮುಚ್ಚಿಹೋದಾಗ ಮನೆಯಲ್ಲಿದ್ದ ಮಾತ್ರೆ ಮುಗಿಯಿತು. ಅವನು ನಡುಗಲಿಲ್ಲ, ಮಾತ್ರೆ ಬೇಕೆಂದು ಒಂದು ದಿನವೂ ಹಠ ಹಿಡಿಯಲಿಲ್ಲ. ಮಧ್ಯಾಹ್ನದ ಊಟ ಮೊದಲಿಗಿಂತ ಚೆನ್ನಾಗಿ ಮಾಡಿದ. ಆದರೆ ಶಾಲೆಯಿಂದ ದಿನಾ ದೂರು ಬರತೊಡಗಿತು. ನೋಟ್ಸ್ ಅರ್ಧಕ್ಕೆ ನಿಂತಿತು, ಬರುವ ದಾರಿಯಲ್ಲಿ ಪಯಸ್ವಿನಿ ಹೊಳೆಗೆ ನೀರು ಏರಿದ್ದನ್ನೂ ಲೆಕ್ಕಿಸದೆ ಇಳಿಯಹೋದ. ಒಂದು ಮಗುವಿನ ಅನುಭವ ಎಲ್ಲರಿಗೂ ಪ್ರಮಾಣವಾಗದು, ಗೊತ್ತು. ಆದರೂ ಚಟ ಎನ್ನುವವರು ಒಮ್ಮೆ ನೋಡಬೇಕಿತ್ತು: ಮಾತ್ರೆ ಇಲ್ಲದಾಗ ಮರಳಿ ಬಂದದ್ದು ಅವನ ಹಳೆಯ ತೊಂದರೆ, ಮಾತ್ರೆಯ ಮೇಲಿನ ಆಸೆಯಲ್ಲ.

ಹಾಗೆಂದು ವರ್ಷಗಟ್ಟಲೆ ಕಣ್ಣು ಮುಚ್ಚಿ ನುಂಗಿಸುತ್ತಿರಬಹುದು ಎಂದು ನಾನು ಹೇಳುತ್ತಿಲ್ಲ. ಹೆತ್ತವರ ಹೆದರಿಕೆಗೆ ಕಾರಣಗಳಿವೆ. ಅಮೆರಿಕದಲ್ಲಿ 579 ಮಕ್ಕಳನ್ನು ಸೇರಿಸಿಕೊಂಡು ನಡೆದ ಎಂಟಿಎ ಎಂಬ ದೊಡ್ಡ ಅಧ್ಯಯನದಲ್ಲಿ 14 ತಿಂಗಳ ಹೊತ್ತಿಗೆ ಕ್ರಮಬದ್ಧವಾಗಿ ಮದ್ದು ಪಡೆದ ಮಕ್ಕಳು ಸ್ಪಷ್ಟವಾಗಿ ಮುಂದಿದ್ದರು. ಮೂರು ವರ್ಷವಾಗುವಾಗ ಗುಂಪುಗಳ ನಡುವಿನ ಆ ಅಂತರ ಉಳಿದಿರಲಿಲ್ಲ. ಬಿಡದೆ ಮದ್ದು ತೆಗೆದುಕೊಂಡವರ ಬೆಳವಣಿಗೆ ಸ್ವಲ್ಪ ಕುಂಠಿತವಾದದ್ದೂ ಕಂಡುಬಂತು. ಹಸಿವು ಕಡಿಮೆಯಾಗುತ್ತದೆ, ನಿದ್ದೆ ಕೆಡುತ್ತದೆ, ನಾಡಿಬಡಿತ ಮತ್ತು ರಕ್ತದೊತ್ತಡ ಏರಬಹುದು. ಅದಕ್ಕೇ ತೂಕ, ಎತ್ತರ, ಬಿಪಿ ಆಗಾಗ ನೋಡಬೇಕು. ವರ್ಷಕ್ಕೊಮ್ಮೆಯಾದರೂ ವೈದ್ಯರು ಕೂತು, ಇದು ಇನ್ನೂ ಬೇಕೇ, ಕೆಲವು ದಿನ ನಿಲ್ಲಿಸಿ ನೋಡೋಣವೇ ಎಂದು ಮನೆಯವರೊಡನೆ, ಶಿಕ್ಷಕರೊಡನೆ ವಿಚಾರಿಸಬೇಕು. ಬಿಡಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿ. ವೇದಿಕೆಯ ಮೇಲಿಂದ ಅಲ್ಲ, ವಾಟ್ಸಾಪಿನಲ್ಲಿ ಅಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ಮಾತ್ರೆಯನ್ನು ಕಾಯಲು ನಮ್ಮಲ್ಲಿ ಕಾನೂನು ಬಿಗಿಯಾಗಿದೆ. ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲಿ ಇದರ ಹೆಸರಿದೆ, 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ಮಾರಲು ಅಂಗಡಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ದಾಸ್ತಾನು ಬೀಗದೊಳಗೆ ಇರಬೇಕು. ಇದ್ಯಾವುದಕ್ಕೂ ನನ್ನ ವಿರೋಧವಿಲ್ಲ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಈ ವರ್ಗದ ಮದ್ದನ್ನು ಫೋನ್, ವಿಡಿಯೋ ಮೂಲಕ ಬರೆದುಕೊಡುವಂತೆಯೂ ಇಲ್ಲ. 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಧೈರ್ಯ ಹೇಳಬಲ್ಲರು, ಈ ಚೀಟಿ ಕೊಡಲಾರರು. ಹಾಗಾಗಿ ನಮ್ಮ ಸಂಪಾಜೆಯವರು ಒಂದು ದಿನದ ಕೂಲಿ ಬಿಟ್ಟು, ಮಗುವಿಗೆ ಶಾಲೆ ತಪ್ಪಿಸಿ, ಘಾಟಿ ಹತ್ತಬೇಕು ಇಲ್ಲವೇ ಮಂಗಳೂರಿಗೆ ಇಳಿಯಬೇಕು. ಅಷ್ಟು ದೂರ ಹೋದ ಮೇಲೆ ಚೀಟಿ ಹೊಸದಾದರೆ ಸಾಕು ಎಂದಾಗುತ್ತದೆ. ಒಮ್ಮೆ ನಮ್ಮ ಸರದಿ ಬಂದಾಗ ನನ್ನ ಮಗನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದವರೂ ಇರಲಿಲ್ಲ. ಬೀಗದೊಳಗಿನ ಮಾತ್ರೆಗೆ ಲೆಕ್ಕವಿದೆ, ಅದನ್ನು ನುಂಗುವ ಮಗುವಿಗೆ ಇಲ್ಲ.

ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರಲೆಂದು ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮವಿದೆ. ಸುಳ್ಯದಲ್ಲಿ ಅಂಥ ಮಂಗಳವಾರಗಳಲ್ಲಿ ಒಂದನ್ನು ಈ ಮದ್ದು ತೆಗೆದುಕೊಳ್ಳುವವರ ಪರಿಶೀಲನೆಗೇ ಮೀಸಲಿಡಬೇಕು. ತೂಕ, ಎತ್ತರ, ಬಿಪಿ ಬರೆದಿಡುವ ಪುಸ್ತಕವೊಂದು ಮಗುವಿನ ಕೈಯಲ್ಲಿರಲಿ. ಮಾತ್ರೆಯನ್ನು ಆಸ್ಪತ್ರೆಯ ಔಷಧಾಲಯದಿಂದಲೇ ನಿಯಮದಂತೆ ಕೊಡಲಿ. ನಮ್ಮ ಸಂಪಾಜೆ ಸುಳ್ಯ ತಾಲೂಕಿಗೆ, ಪಕ್ಕದ ಇನ್ನೊಂದು ಸಂಪಾಜೆ ಕೊಡಗಿಗೆ ಸೇರಿದ್ದು. ಗಡಿಯ ಆಚೆಯ ಮಗು ಹತ್ತಿರದ ಸುಳ್ಯಕ್ಕೆ ಬಂದರೆ ಜಿಲ್ಲೆ ಬೇರೆ ಎಂದು ತಿರುಗಿ ಕಳಿಸಬಾರದು. ಹದಿನೆಂಟು ತುಂಬಿದವರನ್ನೂ ಬಿಡಬಾರದು. ನನ್ನ ಮಗ ಈಗ ಪಿಯುಸಿ, ಮುಂದೆ ಹಾಸ್ಟೆಲಿಗೆ ಹೋಗುವವನು. ಮಾತ್ರೆ ಮುಂದುವರಿಸಬೇಕೇ ಬಿಡಬೇಕೇ ಎಂದು ಅವನೇ ಕೇಳುತ್ತಿದ್ದಾನೆ, ಅವನ ಜೊತೆ ಕೂತು ಲೆಕ್ಕ ಹಾಕುವ ವೈದ್ಯರು ಬೇಕು.

ಶಾಲೆಗಳಿಗೆ ಭಾಷಣಕ್ಕೆ ಹೋಗುವವರಲ್ಲಿ ನನ್ನದೊಂದು ವಿನಂತಿ. ಮಾದಕ ವಸ್ತುಗಳ ವಿರುದ್ಧ ಎಷ್ಟು ಗಟ್ಟಿಯಾಗಿ ಬೇಕಾದರೂ ಮಾತಾಡಿ, ನಾವೂ ಜೊತೆಗಿದ್ದೇವೆ. ಡಾಕ್ಟರು ಬರೆದ ಮದ್ದನ್ನು ನಿಲ್ಲಿಸುವ ಮಾತು ಮಾತ್ರ ಬೇಡ; ಸಂಶಯ ಇದ್ದರೆ ಅದನ್ನು ಬರೆದವರನ್ನೇ ಕೇಳಿ ಎಂದು ಹೇಳಿ. ನನ್ನ ಪರಿಚಯದ ಆ ತಾಯಿ ಇನ್ನೂ ಡಾಕ್ಟರ ಬಳಿ ಹೋಗಿಲ್ಲ, ಮುಖ ತೋರಿಸಲು ನಾಚಿಕೆ ಎನ್ನುತ್ತಿದ್ದಾರೆ.

— ಒಬ್ಬ ತಾಯಿ, ಸಂಪಾಜೆ, ಸುಳ್ಯ ತಾಲೂಕು