ಕಾಣದ ಕೈಗೊಂದು ಕಾಣಿಕೆ

ಮಡಿಕೇರಿಯ ಹೋಟೆಲೊಂದರಲ್ಲಿ ಮೂರು ದಿನ ತಂಗಿದ್ದ ಬೆಂಗಳೂರಿನ ಸಂಸಾರವೊಂದು ಊರಿಗೆ ಹೊರಟಿತ್ತು. ಪೆಟ್ಟಿಗೆಗಳನ್ನು ಕಾರಿಗೆ ತಂದಿಟ್ಟ ಹುಡುಗನಿಗೆ ಯಜಮಾನರು 100 ರೂಪಾಯಿ ಕೊಟ್ಟರು. ಉಪಾಹಾರ ಬಡಿಸಿದ ಮಾಣಿಗೆ ಅದಾಗಲೇ 50 ಸಂದಿತ್ತು. ಬಾಗಿಲಲ್ಲಿ ಸಲಾಮು ಮಾಡಿದ ಕಾವಲುಗಾರನೂ ಬರಿಗೈಯಲ್ಲಿ ಉಳಿಯಲಿಲ್ಲ. ಕಾರು ಕುಶಾಲನಗರವನ್ನು ದಾಟಿದ ಮೇಲೆ ಹತ್ತು ವರ್ಷದ ಮಗಳು ಕೇಳಿದಳು:

“ಅಪ್ಪಾ, ಮೊನ್ನೆ ರಾತ್ರಿ ನಾನು ಹಾಸಿಗೆಯ ಮೇಲೆ ವಾಂತಿ ಮಾಡಿಕೊಂಡೆನಲ್ಲ, ಅದನ್ನು ಶುಚಿ ಮಾಡಿದವರಿಗೆ ಏನು ಕೊಟ್ಟಿರಿ?”

ತಂದೆ ತಾಯಿಯ ಮುಖ ನೋಡಿದರು. ತಾಯಿ ಕಿಟಕಿಯಾಚೆ ನೋಡಿದರು. ಶುಚಿ ಮಾಡಿದವರು ಯಾರೆಂಬುದೇ ಇಬ್ಬರಿಗೂ ತಿಳಿದಿರಲಿಲ್ಲ. ಇವರು ತಲಕಾವೇರಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಬಂದು, ಹಾಸು ಬದಲಿಸಿ, ಬಚ್ಚಲು ತೊಳೆದು ಹೋಗಿದ್ದರು.

ಇದು ಒಂದೇ ಮನೆಯ ಕಥೆಯಲ್ಲ. ಭಕ್ಷೀಸಿನ ನ್ಯಾಯವೇ ವಿಚಿತ್ರವಾದುದು. ಎದುರಿಗೆ ನಿಂತವನಿಗೆ ಅದು ಸಲ್ಲುತ್ತದೆ. ಕಣ್ಮರೆಯಲ್ಲಿ ದುಡಿದವರನ್ನು ಮರೆಯುತ್ತದೆ. ಕೊಡುವವನ ಮನಸ್ಸಿನಲ್ಲಿ ಔದಾರ್ಯಕ್ಕಿಂತ ದಾಕ್ಷಿಣ್ಯವೇ ಹೆಚ್ಚೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

“ಸಂಬಳ ಕೊಡುವ ಹೊಣೆ ಮಾಲೀಕನದಲ್ಲವೇ?” ಎಂದು ಕೇಳುವವರುಂಟು. ಆ ಮಾತಿನಲ್ಲಿ ಹುರುಳಿದೆ. 2014ರಲ್ಲಿ ಮ್ಯಾರಿಯಟ್ ಸಂಸ್ಥೆ ಅಮೆರಿಕ ಮತ್ತು ಕೆನಡಾದ ತನ್ನ ಹೋಟೆಲುಗಳ ಕೋಣೆಗಳಲ್ಲಿ, ಶುಚಿ ಮಾಡುವವರಿಗೆ ಭಕ್ಷೀಸು ಇಡಲೆಂದು ಲಕೋಟೆಗಳನ್ನು ಇರಿಸತೊಡಗಿದಾಗ, ಸಂಬಳವನ್ನೇ ಹೆಚ್ಚಿಸಬಾರದೇಕೆ ಎಂಬ ಟೀಕೆ ಎದ್ದಿತು. ಜಪಾನಿನಲ್ಲಂತೂ ಭಕ್ಷೀಸು ಕೊಡುವ ವಾಡಿಕೆಯೇ ಇಲ್ಲ. ನಮ್ಮ ದೇಶದಲ್ಲಿ, ಹೋಟೆಲುಗಳು ಸೇವಾಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ವಿಧಿಸಿತು. ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಕೊಡುವುದು ಅತಿಥಿಯ ಇಚ್ಛೆಗೆ ಬಿಟ್ಟದ್ದು. ಆದರೆ ಇಚ್ಛೆಯಿಂದ ಕೊಡುವವನು ಪೆಟ್ಟಿಗೆ ಹೊತ್ತ ಐದು ನಿಮಿಷಕ್ಕೆ 100 ರೂಪಾಯಿ ಕೊಡಬಲ್ಲನಾದರೆ, ತನ್ನ ಎಂಜಲು ತಟ್ಟೆ, ಒದ್ದೆ ಟವೆಲು, ಬಚ್ಚಲ ಕೊಳೆ ಎಲ್ಲವನ್ನೂ ತೆಗೆದವರನ್ನು ಮರೆಯುವುದು ಯಾವ ಲೆಕ್ಕ?

ಕೊಡುವುದಕ್ಕೂ ಒಂದು ರೀತಿಯಿದೆ. ಹೊರಡುವ ದಿನ ಒಟ್ಟಾಗಿ ಕೊಟ್ಟರೆ, ಮೊದಲೆರಡು ದಿನ ದುಡಿದವರಿಗೆ ಅಂದು ರಜೆಯಿರಬಹುದು; ಆದ್ದರಿಂದ ಆಯಾ ದಿನದ್ದನ್ನು ಆಯಾ ದಿನವೇ ಇಡುವುದು ಲೇಸು. ಫೋನಿನಲ್ಲೇ ಹಣ ಸಲ್ಲಿಸುವ ಈ ಕಾಲದಲ್ಲಿ ಜೇಬಿನಲ್ಲಿ ನೋಟು ಇರುವುದೇ ಅಪರೂಪ. ಹೊರಡುವ ಮುನ್ನವೇ ಚಿಲ್ಲರೆ ನೋಟುಗಳನ್ನು ಜೋಡಿಸಿಕೊಂಡಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೋಟನ್ನು ಸುಮ್ಮನೆ ಮೇಜಿನ ಮೇಲೆ ಬಿಡಬಾರದು. ಕೋಣೆಯಲ್ಲಿ ಏನೇ ಕಾಣೆಯಾದರೂ ಮೊದಲ ಸಂಶಯ ಪೊರಕೆ ಹಿಡಿದವರ ಮೇಲೆಯೇ. ಮರೆತು ಬಿಟ್ಟ ಹಣವೋ ಕೊಟ್ಟ ಹಣವೋ ತಿಳಿಯದೆ, ಮಾನಕ್ಕಂಜುವವರು ಅದನ್ನು ಮುಟ್ಟುವುದೇ ಇಲ್ಲ.

ಮರುವರ್ಷ ಅದೇ ಸಂಸಾರ ಚಿಕ್ಕಮಗಳೂರಿಗೆ ಹೋಯಿತು. ಬೆಳಗ್ಗೆ ಹೊರಡುವಾಗ ಮಗಳು 100 ರೂಪಾಯಿಯ ನೋಟನ್ನು ದಿಂಬಿನ ಮೇಲಿಟ್ಟು, “ಕೋಣೆ ಶುಚಿ ಮಾಡುವವರಿಗೆ, ವಂದನೆಗಳೊಂದಿಗೆ” ಎಂದು ದುಂಡಗೆ ಬರೆದ ಚೀಟಿಯನ್ನು ಜೊತೆಗಿಟ್ಟಳು. ಕೆಳಗೆ ಕೋಣೆಯ ಸಂಖ್ಯೆಯನ್ನೂ ದಿನಾಂಕವನ್ನೂ ತಾಯಿ ಸೇರಿಸಿದರು. ಸಂಜೆ ಬಂದು ನೋಡಿದರೆ ನೋಟಿನೊಡನೆ ಚೀಟಿಯೂ ಇರಲಿಲ್ಲ.

“ನನ್ನ ಅಕ್ಷರ ಅವರಿಗೆ ಇಷ್ಟವಾಯಿತೇನೋ!” ಎಂದು ಹುಡುಗಿ ಹಿಗ್ಗಿದಳು.

“ಇರಬಹುದು ಮಗು,” ಎಂದರು ತಾಯಿ. “ಗೇಟಿನಲ್ಲಿ ಯಾರಾದರೂ ಕೇಳಿದರೆ ತೋರಿಸಲು ಅವರಿಗೆ ಅದು ಬೇಕಲ್ಲ.”